ಹಕ್ಕುಪತ್ರ ಕೊಟ್ರು ಸರಿ, ಮಣ್ಣು ಯಾರು ತುಂಬಿಸ್ತಾರೆ?

(ಚಿಕ್ಕಮಗಳೂರಲ್ಲಿ ಒಂದು ಭಾನುವಾರ ಬೆಳಿಗ್ಗೆ ಸಣ್ಣ ಸಭೆಲಿ ಮಾತಾಡಿದ್ದು ಇದು. ಗೆಳೆಯರೊಬ್ರು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಟೈಪ್ ಮಾಡಿ ಕಳಿಸಿದ್ರು. ಮೈಕ್ ಕೈ ಕೊಟ್ಟಾಗ ಒಂದೇ ಮಾತನ್ನ ಎರಡೆರಡು ಸಲ ಹೇಳಿದ್ದೆ, ಅದನ್ನ ತೆಗ್ದಿದೀನಿ. ಉಳಿದಿದ್ದು ಹೆಚ್ಚು ಕಮ್ಮಿ ಮಾತಾಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ನಮ್ಮ ಮೇಷ್ಟ್ರು ಪರಿಚಯ ಮಾಡ್ಕೊಡುವಾಗ ನನ್ನನ್ನ ವಸತಿ ತಜ್ಞರು ಅಂದ್ಬಿಟ್ರು. ಅಂಥಾದ್ದೇನಿಲ್ಲ ಸ್ವಾಮಿ. ನಾನು ಪುರಸಭೆ ನಗರಸಭೆಗಳಲ್ಲಿ ಜೆಇ, ಅಂದ್ರೆ ಜೂನಿಯರ್ ಇಂಜಿನಿಯರ್ ಆಗಿ ಸೇರ್ಕೊಂಡು ಎಇಇ, ಅಂದ್ರೆ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿ ರಿಟೈರ್ ಆದೋನು, ಆಯುಷ್ಯದಲ್ಲಿ ಹೆಚ್ಚಿನ ಪಾಲು ಚರಂಡಿ ಅಳೆಯೋದ್ರಲ್ಲೇ ಕಳೆದಿದೀನಿ. ಹಂಗಾಗಿ ಮನೆ ಅಂದ್ರೆ ಬೇರೆಯವರಿಗೆ ಗೋಡೆ ಛಾವಣಿ ಕಾಣಿಸಿದ್ರೆ ನಂಗೆ ಮೊದಲು ಅದರ ಬಚ್ಚಲು ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ಕಾಣಿಸುತ್ತೆ. ಇವತ್ತು ಮಾತಾಡೋದೂ ಅದನ್ನೇ.

ಒಂದು ಹಳೇ ಕತೆಯಿಂದ ಶುರು ಮಾಡ್ತೀನಿ. ಯಾವ ಊರು ಅಂತ ಕೇಳ್ಬೇಡಿ. ಶಾಮಿಯಾನ ಹಾಕಿದ್ರು, ಮಂತ್ರಿಗಳು ಬಂದಿದ್ರು, ಊರಾಚೆ ಸರ್ವೆ ನಂಬರಲ್ಲಿ ನೂರ ಚಿಲ್ಲರೆ ಸೈಟು ಅಂತ ಹೇಳಿ ಹಕ್ಕುಪತ್ರ ಹಂಚಿದ್ರು. ಕಾರ್ಯಕ್ರಮ ಮುಗಿದು ಎಲ್ಲ ಮೈಸೂರು ಪಾಕು ತಿಂದು ಹೊರಟ ಮೇಲೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಲ್ಲಿ ಹಕ್ಕುಪತ್ರ ಸುತ್ಕೊಂಡು ಆಟೋ ಮಾಡ್ಕೊಂಡು ಆ ಜಾಗಕ್ಕೆ ಬಂದಿದ್ಲು. ನಾನು ಅಲ್ಲಿ ಟೇಪ್ ಹಿಡ್ಕೊಂಡು ನಿಂತಿದ್ದೆ. "ಸ್ವಾಮಿ, ನಂದು ಯಾವ್ದು ತೋರ್ಸಿ" ಅಂದ್ಲು. ಏನು ತೋರಿಸ್ಲಿ? ಎದುರಿಗೆ ಲಂಟಾನ ಪೊದೆ, ಮಧ್ಯದಲ್ಲಿ ಒಂದು ಹಳ್ಳ, ಆ ಕಡೆ ಧರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ. ನಕ್ಷೆಯಲ್ಲಿ ಅವಳ ಸೈಟು ನಂಬರು ಬಿದ್ದಿದ್ದು ಆ ಹಳ್ಳದ ಮೇಲೆ. ನಾನು ಸುಮ್ನೆ ಕೈ ಆಡಿಸಿ "ಅಲ್ಲೆಲ್ಲೋ ಬರುತ್ತೆ ಅಜ್ಜಿ" ಅಂದೆ. ಅವಳು ಆ ಕಡೆ ತಿರುಗಿ ಕೈ ಮುಗಿದ್ಲು. ನಂಗೆ ಆವತ್ತು ರಾತ್ರಿ ಊಟ ಸೇರ್ಲಿಲ್ಲ.

ಆ ಜಾಗ ಮನೆ ಕಟ್ಟೋ ಹಾಗೆ ಆಗೋಕೆ ಆಮೇಲೆ ಏಳು ವರ್ಷ ಬೇಕಾಯ್ತು. ಮನೆ ಕಟ್ಟೋ ದುಡ್ಡು ಸರ್ಕಾರದ್ದು ರೆಡಿ ಇತ್ತು, ಎರಡು ಸಲ ಬಂದು ಎರಡು ಸಲ ವಾಪಸ್ ಹೋಯ್ತು. ಪೊದೆ ಕಡಿಯೋದು, ಹಳ್ಳ ತಿರುಗಿಸೋದು, ಮಣ್ಣು ತುಂಬಿಸೋದು, ತಡೆಗೋಡೆ ಕಟ್ಟೋದು, ರಸ್ತೆ, ಮೋರಿ, ನೀರಿನ ಪೈಪು, ಟ್ರಾನ್ಸ್‌ಫಾರ್ಮರು, ಇದಕ್ಕೆ ದುಡ್ಡು ಯಾರದ್ದು ಅಂತ ತೀರ್ಮಾನ ಆಗಿರ್ಲಿಲ್ಲ ಅಷ್ಟೆ. ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸ್ತಾ ಇದ್ರು. ಕೊನೆಗೆ ಅದು ಬರೋದು ಊರಿನ ಆಡಳಿತದ ತಲೆ ಮೇಲೆ, ಅಂದ್ರೆ ನಗರಸಭೆ ಕಿಸೆಗೆ. ಆ ಕಿಸೆಲಿ ಅದಕ್ಕೆ ಅಂತ ಒಂದು ಖಾನೆ ಇಡಿ ಅಂತ ಕೇಳೋದಕ್ಕೇ ನಾನಿವತ್ತು ಬಂದಿರೋದು.

ಮನೆಗೆ ಸ್ಕೀಮ್ ಬೇಕಾದಷ್ಟಿವೆ. ಆಶ್ರಯ ಬಂದಿದ್ದು 1991-92ರಲ್ಲಿ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಆಯ್ತು, ಹೆಸರಲ್ಲಿ ಗ್ರಾಮೀಣ ಅಂತಿದ್ರೂ ಪಟ್ಟಣದ ಮನೆಗಳೂ ಅದರ ಮೂಲಕವೇ ನಡೀತವೆ. ವಾಜಪೇಯಿ ನಗರ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ. ಇದರ ಮೇಲೆ 2015ರ ಜೂನ್‌ನಲ್ಲಿ ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ನಗರ, ಆಮೇಲೆ 2024ರಲ್ಲಿ ಅದರದ್ದೇ ಎರಡನೇ ಸುತ್ತು. ಆವಾಸ್‌ನ ಮೊದಲ ಸುತ್ತಲ್ಲಿ ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋ ಕುಟುಂಬಕ್ಕೆ, 30 ಚದರ ಮೀಟರ್ ಒಳಗಿನ ಮನೆಗೆ, ಕೇಂದ್ರದಿಂದ ಒಂದೂವರೆ ಲಕ್ಷ. ಹೆಚ್ಚು ಜನ ತಗೊಂಡಿದ್ದು ಫಲಾನುಭವಿಯೇ ಕಟ್ಟಿಕೊಳ್ಳೋ ವಿಭಾಗದಲ್ಲಿ. ಅದಕ್ಕೆ ಮೊದಲ ಷರತ್ತೇನು ಗೊತ್ತಾ, ನಿಮ್ಮ ಹೆಸರಲ್ಲಿ ಜಾಗ ಇರ್ಬೇಕು. ಜಾಗ ಇಲ್ದೋನು ತಾನೇ ಸ್ವಾಮಿ ನಿಜವಾಗಿ ಮನೆ ಇಲ್ದೋನು!

ಇನ್ನೊಂದು ಗಮನಿಸಿ. ನಿಗಮದವರು ಹಂತ ಹಂತವಾಗಿ ದುಡ್ಡು ಬಿಡ್ತಾರೆ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ ತೆಗೆದು ಹಾಕ್ಬೇಕು. ತಳಪಾಯ, ಆಮೇಲೆ ಲಿಂಟಲ್, ಆಮೇಲೆ ಛಾವಣಿ, ಆಮೇಲೆ ಪೂರ್ತಿ. ಒಳ್ಳೆ ಪದ್ಧತಿ, ನಾನು ಬೈತಾ ಇಲ್ಲ, ಮೊದ್ಲು ಕಾಗದದ ಮೇಲೇ ಮನೆ ಎದ್ದು ಬಿಲ್ಲಾಗ್ತಿತ್ತು. ಆದ್ರೆ ಬಿಲ್ಲಿಗೆ ಮೊದಲ ಫೋಟೋ ತಳಪಾಯದ್ದು. ತಳಪಾಯದ ಕೆಳಗೆ ಏನಿದೆ ಅನ್ನೋದಕ್ಕೆ ಫೋಟೋನೂ ಇಲ್ಲ, ದುಡ್ಡೂ ಇಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡ್ಕೋಬೇಡಿ, ಜಾಸ್ತಿ ಇಲ್ಲ. ಒಂದು ಎಕರೆ ಅಂದ್ರೆ 40 ಗುಂಟೆ, 43,560 ಚದರ ಅಡಿ. ಇದರಲ್ಲಿ ರಸ್ತೆ, ಪಾರ್ಕು, ಚರಂಡಿ, ಅಂಗನವಾಡಿ ಜಾಗ ಎಲ್ಲ ಬಿಟ್ಟು ಸೈಟಿಗೆ ಅಂತ ನೂರಕ್ಕೆ 55 ಭಾಗ ಉಳೀತು ಅಂತ ಹಿಡೀರಿ. ಅದನ್ನ 20 ಅಡಿಗೆ 30 ಅಡಿ ಸೈಟಾಗಿ ಕತ್ತರಿಸಿದ್ರೆ 40 ಸೈಟು ಬರುತ್ತೆ. ಅಂದ್ರೆ ಗುಂಟೆಗೊಂದು ಮನೆ. ಇದನ್ನ ನೆನಪಿಟ್ಕೊಳ್ಳಿ, ಯಾರಾದ್ರೂ ವೇದಿಕೆ ಮೇಲೆ ನಿಂತು ಎರಡು ಎಕರೇಲಿ ಇನ್ನೂರು ಸೈಟು ಕೊಡ್ತೀವಿ ಅಂದ್ರೆ ಅಲ್ಲೇ ಎದ್ದು ಕೇಳ್ಬಹುದು, ರಸ್ತೆ ಎಲ್ಲಿ ಸ್ವಾಮಿ ಅಂತ.

ಸರಿ, ಇನ್ನೂರು ಮನೆಗೆ ಐದು ಎಕರೆ ಸಿಕ್ತು. ಬಡವರಿಗೆ ಅಂತ ಸಿಗೋ ಜಾಗ ಸಾಮಾನ್ಯವಾಗಿ ಎರಡೇ ತರ, ಒಂದು ತಗ್ಗಿನದು, ಇನ್ನೊಂದು ಗುಡ್ಡದ್ದು. ಮಟ್ಟಸವಾಗಿರೋದು ಯಾವತ್ತೋ ಬೇರೆಯವರ ಕೈಗೆ ಹೋಗಿರುತ್ತೆ. ತಗ್ಗಿನ ಜಾಗಕ್ಕೆ ಎರಡೇ ಅಡಿ ಮಣ್ಣು ತುಂಬಿಸ್ಬೇಕು ಅಂತಿಟ್ಕೊಳ್ಳಿ, ಎಕರೆಗೆ 87 ಸಾವಿರ ಕ್ಯೂಬಿಕ್ ಅಡಿ ಬೇಕು. ಟಿಪ್ಪರಿಗೆ 250 ಕ್ಯೂಬಿಕ್ ಅಡಿ ಹಿಡಿಸುತ್ತೆ ಅಂದ್ರೂ ಎಕರೆಗೆ 350 ಲೋಡು, ಐದು ಎಕರೆಗೆ 1,750 ಲೋಡು. ಇದು ಒತ್ತಿ ಕೂತ ಮಣ್ಣಿನ ಲೆಕ್ಕ, ಸಡಿಲ ಮಣ್ಣು ಇನ್ನೂ ಜಾಸ್ತಿ ಬೇಕು. ಒಂದು ಲೋಡು ಮಣ್ಣಿಗೆ ನಿಮ್ಮ ಕಡೆ ಈಗ ಎಷ್ಟಿದೆ ಅಂತ ನಿಮಗೇ ಗೊತ್ತು, ಅಲ್ಲೇ ಗುಣಿಸ್ಕೊಳ್ಳಿ. ಇದಿನ್ನೂ ಬರೀ ಮಣ್ಣು.

ಮಳೆ. ಈ ಜಿಲ್ಲೇಲಿ ಮಳೆ ಬಗ್ಗೆ ನಾನು ಹೇಳಿಕೊಡೋದೇನಿಲ್ಲ, ಪ್ಲಾಂಟರುಗಳು ಫೋನೆತ್ತಿದ್ರೆ ಹಲೋ ಅನ್ನೋಕೆ ಮುಂಚೆ ಎಷ್ಟು ಇಂಚು ಅಂತ ಕೇಳ್ತಾರೆ. ಆ ಒಂದು ಇಂಚು ಒಂದು ಎಕರೆ ಮೇಲೆ ಬಿದ್ರೆ ಎಷ್ಟು ನೀರು ಅಂತ ಯಾವತ್ತಾದ್ರೂ ಲೆಕ್ಕ ಹಾಕಿದೀರಾ? ಒಂದು ಲಕ್ಷ ಲೀಟರಿಗೆ ಮೇಲೆ. ಹತ್ತು ಸಾವಿರ ಲೀಟರ್ ಟ್ಯಾಂಕರಾದ್ರೆ ಹತ್ತು ಟ್ಯಾಂಕರು. ತೋಟದಲ್ಲಿ ಬಿದ್ರೆ ಮರ, ತರಗೆಲೆ, ಮಣ್ಣು ಎಲ್ಲ ಸೇರಿ ಒಂದಿಷ್ಟು ಹೀರ್ಕೊಳ್ಳುತ್ತೆ. ಅದೇ ಜಾಗವನ್ನ ಜೆಸಿಬಿ ತಂದು ಬೋಳಿಸಿ ಕಾಂಕ್ರೀಟ್ ರಸ್ತೆ, ಆರ್‌ಸಿಸಿ ಛಾವಣಿ ಹಾಕಿದ್ರೆ ಹೆಚ್ಚಿನ ನೀರು ಹರಿದು ಹೋಗ್ಲೇಬೇಕು, ಅದೂ ಒಟ್ಟಿಗೆ. ಐದು ಎಕರೆ, ಆಷಾಢದಲ್ಲಿ ಒಂದು ದಿನಕ್ಕೆ ಮೂರಿಂಚು, ನೀವೇ ನೋಡಿ. ಅದಕ್ಕೆ ದಾರಿ ಮಾಡದೆ ಮನೆ ಕಟ್ಟಿದ್ರೆ ಅದು ತಾನೇ ದಾರಿ ಮಾಡ್ಕೊಳ್ಳುತ್ತೆ, ಸಾಮಾನ್ಯವಾಗಿ ಅಡುಗೆ ಮನೆ ಮೂಲಕ.

ಗುಡ್ಡದ ಜಾಗದ್ದು ಇನ್ನೊಂದು ಗೋಳು. ಧರೆ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡ್ತಾರೆ. ಮೇಲಿನ ಸಾಲಿನ ಮನೆ ಬಚ್ಚಲು ನೀರು ಕೆಳಗಿನ ಸಾಲಿನ ಧರೆಗೆ ಇಂಗುತ್ತೆ. ಎರಡು ಮಳೆಗಾಲ ತಡ್ಕೊಳ್ಳುತ್ತೆ, ಮೂರನೇದಕ್ಕೆ ಜರೀತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ನಿಮಗೆಲ್ಲ ಗೊತ್ತು, ಅದು ದೊಡ್ಡ ಗುಡ್ಡದ ಕತೆ, ಅದನ್ನ ಇದಕ್ಕೆ ಹೋಲಿಸಲ್ಲ. ಆದ್ರೆ ಬಡಾವಣೆಗಳ ಹತ್ತಡಿ ಧರೆ ಕುಸಿದು ಹಿಂಗೋಡೆ ಒಳಗೆ ಬರೋದು ಪೇಪರಲ್ಲಿ ಒಳಪುಟದ ಸಣ್ಣ ಸುದ್ದಿ, ಅದಕ್ಕೆ ಮಂತ್ರಿಗಳು ಬರಲ್ಲ. ತಡೆಗೋಡೆಗೆ ಎಸ್ಟಿಮೇಟ್ ಹಾಕಿದ್ರೆ "ಏನ್ರೀ ಇದು, ಮನೆಗಿಂತ ಗೋಡೆ ದುಬಾರಿ" ಅಂತ ಮೇಲಿನವರು ಕೆಂಪು ಇಂಕಲ್ಲಿ ಹೊಡೀತಾರೆ. ಹೊಡೆಸ್ಕೊಂಡಿದೀನಿ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡ್ತೀನಿ, ಬೇರೆಯವರನ್ನೇ ಅಂತಾ ಕೂತ್ರೆ ಆಗಲ್ಲ. ಮಣ್ಣು ತುಂಬಿಸೋಕೆ ಒಂದು ಕ್ರಮ ಇದೆ. ಎಂಟೊಂಬತ್ತು ಇಂಚು ಹರಡ್ಬೇಕು, ಹದವಾಗಿ ನೀರು ಹೊಡೀಬೇಕು, ರೋಲರ್ ಓಡಿಸ್ಬೇಕು, ಆಮೇಲೆ ಮರಳು ಸುರಿದು ಮಾಡೋ ಟೆಸ್ಟಲ್ಲಿ ಲ್ಯಾಬಿನ ಗಟ್ಟಿತನದ ನೂರಕ್ಕೆ 95 ಬಂದಿದ್ಯಾ ನೋಡ್ಬೇಕು, ಬಂದ್ರೆ ಮುಂದಿನ ಪದರ. ಆ ಹಳ್ಳದ ಜಾಗದಲ್ಲಿ ಮಾರ್ಚ್ ಕೊನೆ ವಾರ, ದುಡ್ಡು 31ಕ್ಕೆ ಲ್ಯಾಪ್ಸ್ ಆಗುತ್ತೆ, ಕಂಟ್ರಾಕ್ಟರು ರಾತ್ರಿ ಹಗಲು ಟಿಪ್ಪರ್ ಓಡಿಸಿ ಮೂರು ಮೂರಡಿ ಒಂದೇ ಸಲ ಸುರಿದ. ಮೇಲೆ ಒಂದು ಸಲ ರೋಲರ್ ಓಡಿಸಿದ್ರೆ ನೋಡೋಕೆ ಚೆಂದಾಗೇ ಇತ್ತು. ಎಂಬಿ, ಅಂದ್ರೆ ಕೆಲಸದ ಅಳತೆ ಪುಸ್ತಕ, ಬರೆದೋನು ನಾನೇ. ಟೆಸ್ಟ್ ರಿಪೋರ್ಟ್ ಆಮೇಲೆ ಹಚ್ಚೋಣ ಅಂದ್ಕೊಂಡೆ, ಆಮೇಲೆ ಅನ್ನೋದು ಬರ್ಲೇ ಇಲ್ಲ. ಅಲ್ಲಿ ಕಟ್ಟಿದ ಮನೆಗಳಲ್ಲಿ ಒಂದು ಸಾಲು ಪೂರ್ತಿ ಬಿರುಕು ಬಿಡ್ತು, ಕಿಟಕಿ ಮೂಲೆಯಿಂದ ಓರೆಯಾಗಿ. ಸಾಲ ಮಾಡಿ ಟೈಲ್ಸ್ ಹಾಕ್ಸಿದ್ದೋರು ಇದ್ರು ಅದರಲ್ಲಿ. ಸದ್ಯ, ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಈಗ್ಲೂ ಆ ದಾರೀಲಿ ಬಸ್ಸಲ್ಲಿ ಹೋದ್ರೆ ನಾನು ಆ ಕಡೆ ಕಿಟಕೀಲಿ ಕೂರಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನೆಲದ ಕೆಲಸದಲ್ಲಿ ಆತುರ ಮಾಡಿದ್ರೆ ಅದರ ಬಿಲ್ಲು ಬಡವರ ಗೋಡೆ ಮೇಲೆ ಬೀಳುತ್ತೆ. ಅದಕ್ಕೂ ಕ್ಯಾಲೆಂಡರಿಗೂ ಸಂಬಂಧ ಇದೆ. ನಗರಸಭೆ ಬಜೆಟ್ ಆಗೋದು ಮಾರ್ಚ್ ಹತ್ರ. ಆಮೇಲೆ ಮಂಜೂರಾತಿ, ಎಸ್ಟಿಮೇಟು, ತಾಂತ್ರಿಕ ಒಪ್ಪಿಗೆ, ಟೆಂಡರು. ವರ್ಕ್ ಆರ್ಡರ್ ಕೈಗೆ ಬರೋ ಹೊತ್ತಿಗೆ ಜೂನು, ಮಳೆ ಹಿಡ್ಕೊಂಡಿರುತ್ತೆ. ಮಲೆನಾಡಲ್ಲಿ ಜೂನಿಂದ ಅಕ್ಟೋಬರ್ ತನಕ ಮಣ್ಣಿನ ಕೆಲಸ ಮಾಡೋಕಾಗಲ್ಲ, ಮಾಡಿದ್ರೆ ಕೆಸರು ತುಂಬಿಸಿದ ಹಾಗೆ. ನವೆಂಬರಲ್ಲಿ ಶುರು ಮಾಡೋಣ ಅಂದ್ರೆ ಕಂಟ್ರಾಕ್ಟರು ಬೇರೆ ಕೆಲಸ ಹಿಡಿದಿರ್ತಾನೆ, ಎಳೆದೂ ಎಳೆದೂ ಫೆಬ್ರವರಿ ಆಗುತ್ತೆ, ಆಮೇಲೆ ಮಾರ್ಚ್ 31ರ ಓಟ. ಬೆಂಗಳೂರಲ್ಲಿ ಕೂತು ಮಾಡಿದ ಆರ್ಥಿಕ ವರ್ಷ ನಮ್ಮ ಮಳೆಗೆ ಹೊಂದಲ್ಲ ಸ್ವಾಮಿ. ದಾರಿ ಒಂದೇ, ಈ ವರ್ಷದ ಬಜೆಟ್ಟಲ್ಲಿ ಸರ್ವೆ ಮತ್ತೆ ಡಿಸೈನ್, ಮಳೆಗಾಲದಲ್ಲೇ ಟೆಂಡರ್ ಮುಗಿಸೋದು, ದೀಪಾವಳಿ ಮಾರನೇ ದಿನ ಜೆಸಿಬಿ ಇಳಿಸೋದು. ಎರಡು ವರ್ಷಕ್ಕೆ ಹಂಚಿ ದುಡ್ಡಿಟ್ರೆ ಮಾತ್ರ ಇದು ಸಾಧ್ಯ.

ಮಳೆ ನೀರನ್ನ ಆಚೆ ಕಳಿಸಿದ್ರೆ ಸಾಲ್ದು, ಕುಡಿಯೋ ನೀರು ಒಳಗೆ ಬರ್ಬೇಕಲ್ಲ. ಇನ್ನೂರು ಮನೆ, ಮನೆಗೆ ಐದು ಜನ, ಒಳಚರಂಡಿ ಇರೋ ಊರಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ನಾವು ಡಿಸೈನಿಗೆ ಹಿಡಿಯೋ ಲೆಕ್ಕ. 1 ಲಕ್ಷ 35 ಸಾವಿರ ಲೀಟರ್, ದಿನಾ. ಚಿಕ್ಕಮಗಳೂರಿನ ನೀರಿನ ಕತೆ ನಿಮಗೆ ಗೊತ್ತೇ ಇದೆ. ಹಿರೇಕೊಳಲೆ ಕೆರೆ ಒಂದಿದೆ, ಹೆಚ್ಚಿನದು ಬೇಲೂರಿನ ಯಗಚಿ ಡ್ಯಾಮಿಂದ. ಯಗಚಿ ಹುಟ್ಟೋದು ನಮ್ಮ ಬಾಬಾ ಬುಡನ್‌ಗಿರಿ ಸಾಲಲ್ಲೇ, ಇಲ್ಲಿಂದ ಇಳಿದು ಬೇಲೂರಿಗೆ ಹೋಗಿ ಕೂತಿದ್ದನ್ನ ನಾವು ಕರೆಂಟು ಸುಟ್ಟು ವಾಪಸ್ ಮೇಲಕ್ಕೆ ಎತ್ಕೊಂಡು ಬರ್ತೀವಿ. ಮನೆಮಗಳನ್ನ ಕೊಟ್ಟು ಆಮೇಲೆ ಬಸ್ ಚಾರ್ಜ್ ಹಾಕಿ ಹಬ್ಬಕ್ಕೆ ಕರ್ಕೊಂಡು ಬಂದ ಹಾಗೆ. (ನಗು.) 2011ರ ಜನಗಣತಿಯಲ್ಲಿ ಊರಲ್ಲಿ 1 ಲಕ್ಷ 18 ಸಾವಿರ ಜನ ಇದ್ರು, ಲಕ್ಷ ದಾಟಿದ ಊರು ಅನ್ನೋ ಕಾರಣಕ್ಕೇ ನಗರಗಳ ನೀರು, ಚರಂಡಿಗೆ ಕೇಂದ್ರ ದುಡ್ಡು ಕೊಡೋ ಅಮೃತ್ ಯೋಜನೆ ನಮಗೆ ಸಿಕ್ತು. ಈಗ ಊರಾಚೆ ಎಲ್ಲೋ ಒಂದು ಗುಡ್ಡದ ಮೇಲೆ ಇನ್ನೂರು ಮನೆ ಹಾಕಿದ್ರೆ ಅಲ್ಲಿಗೆ ಪೈಪು, ಓವರ್‌ಹೆಡ್ ಟ್ಯಾಂಕು, ಮತ್ತೊಂದು ಪಂಪು. ಬೋರ್‌ವೆಲ್ ಹೊಡೆದು ಕೈ ತೊಳ್ಕೊಳ್ಳೋದು ಸುಲಭ, ಮೂರು ಬೇಸಿಗೆ ಬಾಳುತ್ತೆ.

ಯುಜಿಡಿ, ಅಂದ್ರೆ ಒಳಚರಂಡಿ ಬಗ್ಗೆ ಒಂದೇ ಮಾತು, ಇಲ್ಲಾಂದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಚೆನ್ನಾಗಿರಲ್ಲ. ಒಳಚರಂಡಿ ನೀರು ಪೈಪಲ್ಲಿ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದ್ರೂ ಹರೀಬೇಕು, ಕಮ್ಮಿ ಆದ್ರೆ ಹೂಳು ಕೂರುತ್ತೆ, ಮ್ಯಾನ್‌ಹೋಲ್ ಉಕ್ಕುತ್ತೆ. ಅಂದ್ರೆ ಇಳಿಜಾರು ಬೇಕು. ಬಡಾವಣೆ ಮೇನ್ ಲೈನಿಗಿಂತ ತಗ್ಗಲ್ಲಿದ್ರೆ ವೆಟ್ ವೆಲ್, ಅಂದ್ರೆ ಕೊಳಚೆ ನೀರು ಕೂಡಿಸೋ ಬಾವಿ ಕಟ್ಟಿ ಪಂಪ್ ಮಾಡ್ಬೇಕು, ಮೆಸ್ಕಾಂ ಬಿಲ್ಲು ಜನ್ಮಪೂರ್ತಿ. ಜಾಗ ಆರಿಸುವಾಗ ನೆಲದ ಏರುತಗ್ಗು ಅಳೆಯೋ ಒಂದು ಲೆವೆಲ್ ಸರ್ವೆ ಮಾಡಿಸಿದ್ರೆ ಇದು ಅರ್ಧ ದಿನದಲ್ಲಿ ಗೊತ್ತಾಗುತ್ತೆ. ಮಾಡ್ಸಲ್ಲ. ಪುಕ್ಕಟೆ ಜಾಗ ಸಿಕ್ತಲ್ಲ ಅಂತ ಖುಷೀಲಿ ಕಣ್ಣು ಮುಚ್ಕೊಂಡು ತಗೋತಾರೆ. ಆ ಪುಕ್ಕಟೆ ಜಾಗ ಆಮೇಲೆ ಎಷ್ಟಕ್ಕೆ ಬಿತ್ತು ಅಂತ ಯಾರೂ ಕೂಡಿಸಿ ನೋಡಲ್ಲ.

ಕಾಗದದ ಕೆಲಸವೂ ಜಾಗ ರೆಡಿ ಮಾಡೋದರ ಒಳಗೇ ಬರುತ್ತೆ, ಅದನ್ನ ಜನ ಮರೀತಾರೆ. ಪಹಣಿಲಿ ಗೋಮಾಳ ಅಂತಿದ್ರೆ ಅದನ್ನ ಮೊದ್ಲು ವಸತಿಗೆ ಕಾಯ್ದಿರಿಸ್ಬೇಕು, ಜಿಲ್ಲಾಧಿಕಾರಿಗಳಿಗೆ ಭೂ ಕಂದಾಯ ಕಾಯ್ದೆಯ 71ನೇ ಕಲಂನಲ್ಲಿ ಅಧಿಕಾರ ಇದೆ. ಖರಾಬಲ್ಲಿ, ಅಂದ್ರೆ ಸಾಗುವಳಿಗೆ ಬಾರದ ಜಾಗದಲ್ಲಿ, ಎ ಯಾವುದು ಬಿ ಯಾವುದು ನೋಡ್ಬೇಕು, ಬಿ ಖರಾಬು ಅಂದ್ರೆ ದಾರಿ, ಹಳ್ಳ, ಸ್ಮಶಾನ, ಅದರ ಮೇಲೆ ಸೈಟು ಮಾಡಂಗಿಲ್ಲ. ಈ ಜಿಲ್ಲೇಲಂತೂ ಎಲ್ಲಕ್ಕಿಂತ ದೊಡ್ಡ ತಲೆನೋವು ಡೀಮ್ಡ್ ಫಾರೆಸ್ಟ್, ಅಂದ್ರೆ ಅರಣ್ಯ ಅಂತ ಘೋಷಣೆ ಆಗದಿದ್ರೂ ಅರಣ್ಯ ಅಂತಲೇ ಹಿಡಿಯೋ ಜಾಗ. ಕಂದಾಯದವರು ಇದು ನಮ್ಮ ಜಾಗ ಅಂತ ಕೊಡ್ತಾರೆ, ಜೆಸಿಬಿ ಹೋದ ದಿನ ಗಾರ್ಡ್ ಬಂದು ಕೀ ಕಿತ್ಕೊಂಡು ಹೋಗ್ತಾನೆ. 2022ರಲ್ಲಿ ರಾಜ್ಯ ಸರ್ಕಾರ ಆ ಪಟ್ಟಿಯನ್ನ ಸುಮಾರು 9.94 ಲಕ್ಷ ಹೆಕ್ಟೇರಿಂದ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸ್ತು, ಆದ್ರೆ ನಿಮ್ಮ ಸರ್ವೆ ನಂಬರು ಯಾವ ಕಡೆ ಬಿತ್ತು ಅನ್ನೋದನ್ನ ಜಂಟಿ ಸರ್ವೆ ಮಾಡಿಸಿ ಕಲ್ಲು ನೆಟ್ಟೇ ಖಾತ್ರಿ ಮಾಡ್ಕೋಬೇಕು. ಸರ್ವೆಯರಿಗೆ, ಕಲ್ಲಿಗೆ, ಬೇಲಿಗೆ ದುಡ್ಡು ಬೇಕು. ಬೇಲಿ ಯಾಕೆ ಅಂತೀರಾ, ಕಲ್ಲು ನೆಟ್ಟ ಆರು ತಿಂಗಳಿಗೆ ಪಕ್ಕದ ತೋಟ ನಾಲ್ಕಡಿ ಈ ಕಡೆ ನಡ್ಕೊಂಡು ಬಂದಿರುತ್ತೆ.

ಬೇರೆ ಕಡೆ ಹೇಗೆ ಮಾಡಿದಾರೆ ಅಂತ ಎರಡು ಉದಾಹರಣೆ ಕೊಟ್ಟು ದುಡ್ಡಿನ ವಿಷಯಕ್ಕೆ ಬರ್ತೀನಿ.

ಇಂದೋರಲ್ಲಿ ಅರಣ್ಯ ಅಂತ ಒಂದು ಬಡಾವಣೆ ಇದೆ. 1980ರ ದಶಕದಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಮಾಡಿಸಿದ್ದು, ಪ್ಲಾನ್ ಮಾಡಿದ್ದು ವಾಸ್ತುಶಿಲ್ಪಿ ಬಿ.ವಿ. ದೋಶಿ, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತಲ್ಲ, ಅವರೇ. ಸುಮಾರು 85 ಹೆಕ್ಟೇರಲ್ಲಿ ಸುಮಾರು 6,500 ಮನೆಗೆ ಜಾಗ. ಪ್ರಾಧಿಕಾರ ಅಷ್ಟೂ ಜನಕ್ಕೆ ಮನೆ ಕಟ್ಟಿಕೊಡೋಕೆ ಹೋಗ್ಲಿಲ್ಲ. ರಸ್ತೆ, ನೀರು, ಒಳಚರಂಡಿ, ದೀಪ ಮಾಡಿ, ಬಡವರ ಸೈಟಲ್ಲಿ ಪಾಯ, ಒಂದು ಕಕ್ಕಸು, ನೀರಿನ ಜಾಗ ಕಟ್ಟಿ ಕೊಟ್ರು. ಮಾದರಿಗೆ ಅಂತ ಎಂಬತ್ತು ಮನೆ ಕಟ್ಟಿ ತೋರಿಸಿದ್ರು. ಮಿಕ್ಕಿದ್ದು ಜನ ತಮ್ಮ ಕೈಲಾದಾಗ ಕಟ್ಟಿಕೊಂಡ್ರು, ಒಂದು ರೂಮು, ಆಮೇಲೆ ಮೆಟ್ಟಿಲು, ಆಮೇಲೆ ಮೇಲೊಂದು ರೂಮು. ಮುಖ್ಯ ರಸ್ತೆ ಬದೀಲಿ ದೊಡ್ಡ ಸೈಟುಗಳನ್ನ ಉಳ್ಳವರಿಗೆ ಮಾರಿ ಆ ದುಡ್ಡನ್ನ ಒಳಗಿನ ನೆಲದ ಕೆಲಸಕ್ಕೆ ಹಾಕಿದ್ರು. ನಂಗೆ ಇದರಲ್ಲಿ ಇಷ್ಟ ಆಗಿದ್ದು ಅದೇ, ನೆಲದೊಳಗಿನದನ್ನ ಸರ್ಕಾರ ಮಾಡಿತು, ನೆಲದ ಮೇಲಿನದನ್ನ ಜನ ಮಾಡಿದ್ರು. ನಮ್ಮಲ್ಲಿ ಉಲ್ಟಾ. ಒಳಚರಂಡಿಯನ್ನ ಒಬ್ಬ ಗಾರೆ ಕೆಲಸದೋನು ಒಂಟಿಯಾಗಿ ಮಾಡ್ಕೊಳ್ಳೋಕೆ ಆಗುತ್ತಾ? ಗೋಡೆ ಆದ್ರೆ ಅವನು ನಮಗಿಂತ ಚೆನ್ನಾಗಿ ಕಟ್ತಾನೆ, ದಿನಾ ಕಟ್ಟೋದೇ ಅದನ್ನ.

ಇನ್ನೊಂದು ಅಮೆರಿಕಾದ್ದು. ಅಲ್ಲಿ 1974ರಿಂದ ಕೇಂದ್ರ ಸರ್ಕಾರ ಊರುಗಳಿಗೆ ಒಂದು ಇಡಿಗಂಟು ಅನುದಾನ ಕೊಡುತ್ತೆ. ಸಾಮಾನ್ಯವಾಗಿ ಅದರಲ್ಲಿ ಹೊಸ ಮನೆ ಕಟ್ಟೋ ಹಾಗಿಲ್ಲ. ಆದ್ರೆ ಜಾಗ ಕೊಳ್ಳಬಹುದು, ಹಳೇ ಕಟ್ಟಡ ಕೆಡವಬಹುದು, ನೆಲ ಚೊಕ್ಕ ಮಾಡಬಹುದು, ನೀರು ಚರಂಡಿ ಎಳೀಬಹುದು. ಹಂಗಾಗಿ ಅಲ್ಲಿನ ಊರುಗಳ ಕೌನ್ಸಿಲ್ ಕುತ್ಕೊಂಡು ಇಂತಾ ಜಾಗ ಕಡಿಮೆ ಬಾಡಿಗೆ ಮನೆಗೆ, ಅದನ್ನ ಸಿದ್ಧ ಮಾಡೋಕೆ ಇಷ್ಟು ದುಡ್ಡು ಅಂತ ಠರಾವು ಮಾಡೋದು ಮಾಮೂಲಿ. ಕಟ್ಟೋರು ಬೇರೆ, ಅವರ ದುಡ್ಡು ಬೇರೆ. ಹಳೇ ಪೆಟ್ರೋಲ್ ಬಂಕೋ ಫ್ಯಾಕ್ಟರಿನೋ ಇದ್ದ ಜಾಗ ಆದ್ರೆ ಮಣ್ಣು ಟೆಸ್ಟ್ ಮಾಡಿ ವಿಷ ತೆಗೆಯೋ ಖರ್ಚನ್ನೂ ಮೊದಲೇ ಲೆಕ್ಕ ಹಿಡೀತಾರೆ. ನಾವು ಅಮೆರಿಕ ಆಗ್ಬೇಕು ಅಂತೇನಲ್ಲ, ಅಲ್ಲೂ ಮನೆ ಇಲ್ದೆ ಫುಟ್‌ಪಾತಲ್ಲಿ ಮಲಗೋರು ಬೇಕಾದಷ್ಟಿದಾರೆ. ಅವರ ಲೆಕ್ಕದ ಪುಸ್ತಕದಲ್ಲಿ ನೆಲಕ್ಕೆ ಒಂದು ಪುಟ ಇದೆ, ಅಷ್ಟನ್ನ ತಗೊಳ್ಳೋಣ.

ನಮ್ಮ ಪುಸ್ತಕದಲ್ಲಿ ಯಾಕಿಲ್ಲ? ಸಂವಿಧಾನದ 74ನೇ ತಿದ್ದುಪಡಿ ಬಂತಲ್ಲ 1992ರಲ್ಲಿ, ಅದರ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ 18 ಕೆಲಸ ಪಟ್ಟಿ ಮಾಡಿದಾರೆ. ರಸ್ತೆ ಇದೆ, ನೀರು ಇದೆ, ಸ್ಮಶಾನ ಇದೆ, ದನದ ದೊಡ್ಡಿನೂ ಇದೆ, ಕೊಳಚೆ ಪ್ರದೇಶ ಸುಧಾರಣೆ ಇದೆ. ವಸತಿ ಅಂತ ಬಿಡಿಯಾಗಿ ಒಂದು ಬಾಬ್ತು ಇಲ್ಲ! ಪಂಚಾಯ್ತಿಗಳ 11ನೇ ಅನುಸೂಚಿ ತೆಗೆದು ನೋಡಿ, ಗ್ರಾಮೀಣ ವಸತಿ ಅಂತ ಸ್ಪಷ್ಟವಾಗಿ ಬರೆದಿದಾರೆ. ಹಂಗಾಗಿ ಮನೆ ಅಂದ ತಕ್ಷಣ ನಗರಸಭೇಲಿ ಅದು ನಿಗಮದ್ದು, ಅದು ಸ್ಲಂ ಬೋರ್ಡಿಂದು, ಅದು ಪ್ರಾಧಿಕಾರದ್ದು ಅಂತ ಕೈ ಎತ್ತಿಬಿಡ್ತಾರೆ. ಒಪ್ಕೋತೀನಿ, ಮನೆ ಅವರದ್ದು. ರಸ್ತೆ, ನೀರು, ಚರಂಡಿ, ಬೀದಿ ದೀಪ ಯಾರದ್ದು? ಆ ಹದಿನೆಂಟರಲ್ಲೇ ಇವೆಯಲ್ಲ.

ದುಡ್ಡು ಎಲ್ಲಿದೆ ಅಂತ ಪೌರಾಯುಕ್ತರು ಕೇಳ್ತಾರೆ, ಕೇಳ್ಬೇಕು ಕೂಡ, ನಗರಸಭೆ ಏನು ಟಂಕಸಾಲೆ ಅಲ್ಲ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ನೀರಿನ ಬಿಲ್ಲು ಸೇರಿ ಪೌರಕಾರ್ಮಿಕರ ವೆಚ್ಚ, ಪಂಪಿನ ಕರೆಂಟು ಕಳೆದ ಮೇಲೆ ಉಳಿಯೋದು ಕಮ್ಮಿ. ಆದ್ರೆ ಹಣ ಬರೋ ಬೇರೆ ಕಿಂಡಿಗಳಿವೆ. 15ನೇ ಹಣಕಾಸು ಆಯೋಗದ 2021ರಿಂದ 2026ರ ಲೆಕ್ಕದಲ್ಲಿ ನಮ್ಮಂಥ ಊರಿಗೆ ಬಂದ ಅನುದಾನದಲ್ಲಿ ನೂರಕ್ಕೆ 60 ಭಾಗ ಇಂತಿದ್ದಕ್ಕೇ ಅಂತ ಕಟ್ಟುಪಾಡಿತ್ತು, ಅರ್ಧ ಕುಡಿಯೋ ನೀರು ಮತ್ತೆ ಮಳೆ ನೀರು ಕೊಯ್ಲಿಗೆ, ಇನ್ನರ್ಧ ಕಸ, ನೈರ್ಮಲ್ಯಕ್ಕೆ. ಇಂಥ ದುಡ್ಡಲ್ಲಿ ಹೊಸ ಬಡವರ ಬಡಾವಣೆಗೆ ಪೈಪ್ ಎಳೆಯೋಕೆ ಏನಡ್ಡಿ? ಅಡ್ಡಿ ಏನಿಲ್ಲ, ಅಲ್ಲಿ ಇನ್ನೂ ವೋಟರ್ ಲಿಸ್ಟಲ್ಲಿ ಯಾರೂ ಇಲ್ಲ ಅಷ್ಟೆ. ಇರೋ ವಾರ್ಡಲ್ಲಿ ಇರೋ ಪೈಪನ್ನೇ ಮತ್ತೆ ಹಾಕ್ತಾರೆ. ಆಮೇಲೆ ಊರುಗಳ ಅಭಿವೃದ್ಧಿಗೆ ರಾಜ್ಯದ ನಗರೋತ್ಥಾನ ಇದೆ, 2021ರಲ್ಲಿ ಅಮೃತ್ ಎರಡನೇ ಸುತ್ತು ಶುರುವಾಯ್ತು. ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ 24.10 ಪರ್ಸೆಂಟ್, ಇತರೆ ಬಡವರಿಗೆ 7.25, ಅಂಗವಿಕಲರಿಗೆ 5 ಅಂತ ಎತ್ತಿಡಲೇಬೇಕು. ವರ್ಷದ ಕೊನೇಲಿ ಇದನ್ನ ಹೊಲಿಗೆ ಮೆಷಿನ್ನು, ಸೋಲಾರ್ ದೀಪ ಅಂತ ಚೂರು ಚೂರಾಗಿ ಖರ್ಚು ಮಾಡೋದು ನಾನು ಕಣ್ಣಾರೆ ಕಂಡಿದ್ದು, ನಾನೇ ಬಿಲ್ ಮಾಡಿದ್ದು. ಮೂರು ವರ್ಷ ಸೇರಿಸಿ ಒಂದು ಕಡೆ ನೆಲಕ್ಕೆ ಹಾಕಿದ್ರೆ ಒಂದು ಬಡಾವಣೆ ನಿಲ್ಲುತ್ತೆ.

ಜಾಗ ಎಲ್ಲಿರ್ಬೇಕು ಅನ್ನೋದು ಇದಕ್ಕೇ ಸೇರ್ಕೊಂಡಿದೆ. ಯಾರಿಗೆ ಮನೆ ಬೇಕು ಇಲ್ಲಿ? ತೋಟದ ಕೂಲಿಯವರ ಲೈನ್ ಮನೆ ಬಿಟ್ಟು ಬಂದೋರಿದಾರೆ. 1951ರ ಪ್ಲಾಂಟೇಷನ್ ಕಾಯ್ದೆ ತೋಟದ ಕಾರ್ಮಿಕರಿಗೆ ಮಾಲೀಕನೇ ಮನೆ ಕೊಡ್ಬೇಕು ಅಂತು, ಒಳ್ಳೇದೇ, ಆದ್ರೆ ಮೈಯಲ್ಲಿ ಶಕ್ತಿ ಇರೋ ತನಕ ಮನೆ, ಕೆಲಸ ಬಿಟ್ಟ ದಿನ ಅದೂ ಹೋಯ್ತು. ಅರವತ್ತು ವರ್ಷದ ಮೇಲೆ ಟೌನಿಗೆ ಬಂದು ಬಾಡಿಗೆ ಮನೆ ಹುಡುಕ್ತಾರೆ. ಕ್ಯೂರಿಂಗ್ ವರ್ಕ್ಸಲ್ಲಿ ಕಾಫಿ ಬೀಜ ಆರಿಸೋ ಹೆಂಗಸರು, ಹೋಂಸ್ಟೇಲಿ ರೂಮ್ ತೊಳೆಯೋರು, ಗಾರೆ ಕೆಲಸದೋರು, ಆಟೋದೋರು. ಇವರನ್ನ ಹತ್ತು ಕಿಲೋಮೀಟರ್ ಆಚೆ ಹಾಕಿದ್ರೆ ಮನೆಗೆ ಬೀಗ ಹಾಕಿ ಮತ್ತೆ ಟೌನಲ್ಲೇ ಬಾಡಿಗೆಗೆ ಇರ್ತಾರೆ, ಆಮೇಲೆ ನಾವು ನೋಡಿ, ಕೊಟ್ರೂ ಇರಲ್ಲ ಈ ಜನ ಅಂತ ಅವರನ್ನೇ ಬೈತೀವಿ.

ಪ್ರಶ್ನೆ ಕೇಳಿ ಈಗ, ನನ್ನ ಗಂಟಲು ಒಣಗ್ತು.

(ಒಬ್ಬ ಹುಡುಗ ಎದ್ದು, ಜಿ ಪ್ಲಸ್ ಟೂ, ಅಂದ್ರೆ ನೆಲಮನೆ ಮೇಲೆ ಎರಡು ಮಹಡಿ ಕಟ್ಟಿದ್ರೆ ಜಾಗನೂ ಕಮ್ಮಿ ಸಾಕು, ಮಣ್ಣಿನ ಖರ್ಚೂ ಕಮ್ಮಿ ಅಲ್ವಾ ಸಾರ್ ಅಂದ.)

ಹೌದು, ಟೌನ್ ಒಳಗೆ ಒಂದೆಕರೆ ಒಳ್ಳೇ ಜಾಗ ಸಿಕ್ಕಿದ್ರೆ ಅದೇ ಸರಿ, ದೂರದ ಐದೆಕರೆಗಿಂತ ನಾನು ಅದನ್ನೇ ಹೇಳ್ತೀನಿ. ಆದ್ರೆ ಸಂಪಿನ ಮೋಟರ್ ಸುಟ್ಟಾಗ ಯಾರು ದುಡ್ಡು ಹಾಕ್ತಾರೆ ಅಂತ ಮೊದ್ಲೇ ಬರೆದಿಡ್ಬೇಕು. ಮಳೆಗಾಲದಲ್ಲಿ ಸೌದೆ ಎಲ್ಲಿಡ್ತಾರೆ, ಬಟ್ಟೆ ಎಲ್ಲಿ ಒಣಗಿಸ್ತಾರೆ, ಕೋಳಿ ಎಲ್ಲಿ ಮುಚ್ತಾರೆ, ಇದನ್ನೂ ಡಿಸೈನ್ ಮಾಡೋನು ಯೋಚ್ನೆ ಮಾಡ್ಬೇಕು. ಬೆಂಗಳೂರಿನ ನಕ್ಷೆ ತಂದು ಇಲ್ಲಿ ಅಂಟಿಸಿದ್ರೆ ಎರಡನೇ ಮಹಡಿ ಬಾಲ್ಕನಿಲಿ ಸೌದೆ ಪೇರಿಸಿರ್ತಾರೆ, ತಪ್ಪು ಅವರದ್ದಲ್ಲ.

(ಹಿಂದೆ ಕೂತಿದ್ದ ಒಬ್ರು ಅಕ್ಕ, ಕ್ಯೂರಿಂಗಿಗೆ ಹೋಗೋರು, ನಾವು ಅರ್ಜಿ ಹಾಕಿ ಹಾಕಿ ಸಾಕಾಯ್ತು ಸಾರ್, ಈಗ ಇನ್ನೇನಂತ ಕೇಳ್ಬೇಕು ಅಂದ್ರು.)

ಅಕ್ಕ, ಮನೆ ಕೊಡಿ ಅಂತ ಹಾಕಿರೋ ಅರ್ಜಿ ಅಲ್ಲೇ ಇರ್ಲಿ. ಇನ್ನೊಂದು ಹಾಕಿ, ಬೇರೆ ತರದ್ದು. ವಸತಿಗೆ ಅಂತ ಕಾಯ್ದಿರಿಸಿರೋ ಸರ್ವೆ ನಂಬರು ಯಾವುವು, ಅದರಲ್ಲಿ ಯಾವುದಕ್ಕೆ ಲೆವೆಲ್ ಸರ್ವೆ ಆಗಿದೆ, ಅರಣ್ಯದವರ ಜೊತೆ ಜಂಟಿ ಸರ್ವೆ ಆಗಿದ್ಯಾ, ಮಳೆನೀರು ಹೊರಗೆ ಹೋಗೋ ದಾರಿ ಯಾವುದು, ಇದಕ್ಕೆ ಈ ಸಲದ ಬಜೆಟ್ಟಲ್ಲಿ ಎಷ್ಟಿಟ್ಟಿದೀರಿ. ಇಷ್ಟೇ ಕೇಳಿ, ಲಿಖಿತ ಉತ್ತರ ಬೇಕು ಅನ್ನಿ. ಬಜೆಟ್ಟಿಗೆ ಮುಂಚೆ ನಗರಸಭೆಯವರು ಸಾರ್ವಜನಿಕರ ಪೂರ್ವಭಾವಿ ಸಭೆ ಕರೀತಾರೆ, ಪೇಪರಲ್ಲಿ ಸಣ್ಣದಾಗಿ ಹಾಕಿರ್ತಾರೆ, ಹೋದ್ರೆ ಹತ್ತು ಜನನೂ ಇರಲ್ಲ ಅಲ್ಲಿ, ಬಂದೋರೂ ನಮ್ಮ ರೋಡಿಗೆ ಹಂಪ್ ಹಾಕಿ ಅಂತ ಕೇಳಿ ಹೋಗ್ತಾರೆ. ನೀವು ಇಪ್ಪತ್ತು ಜನ ಹೆಂಗಸರು ಹೋಗಿ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಅರ್ಜಿ ನಾನು ಬರ್ಕೊಡ್ತೀನಿ, ನಾಳೆ ಸೋಮವಾರ ಜೊತೇಲೂ ಬರ್ತೀನಿ. ಹನ್ನೊಂದು ಗಂಟೆ ಮೇಲೆ ಹೋಗೋಣ, ಅದಕ್ಕೂ ಮುಂಚೆ ಸೀಟಲ್ಲಿ ಯಾರೂ ಸಿಗಲ್ಲ.